ಹೊಳೆಗೆ ಹೋದ ದೋಣಿ, ಹಗೇವಿನ ಜೋಳ

ಮೊನ್ನೆ ಮಗನ ಕಾರಿಗೆ ವಿಮೆ ಮಾಡಿಸಲು ಏಜೆಂಟರೊಬ್ಬರು ಮನೆಗೆ ಬಂದಿದ್ದರು. ಗಾಡಿ ಹಳೆಯದಾದಂತೆ ಅದರ ಬೆಲೆ ವರ್ಷವರ್ಷವೂ ಇಳಿಯುತ್ತದೆ ಎಂದು ಅವರು ತಿಳಿಸಿ ಹೇಳುತ್ತಿದ್ದರೆ ನಾನು ಚಹಾ ಕೊಡುವುದನ್ನು ಬಿಟ್ಟು ನಗುತ್ತಾ ನಿಂತೆ. ಮಗ ಕಣ್ಣು ಬಿಟ್ಟ. ಏನು ಮಾಡಲಿ ಹೇಳಿ, ನನಗೆ ಮಾವನವರ ದೋಣಿ ನೆನಪಾಗಿತ್ತು.

ನಾನು ಆಳಂದದವಳು. ಬಾವಿಯ ನೀರಷ್ಟೇ ಕಂಡು ಬೆಳೆದವಳನ್ನು ಅಫಜಲಪುರದಾಚೆ, ಭೀಮಾ ದಂಡೆಯ ಹಳ್ಳಿಗೆ ಕೊಟ್ಟರು. ಮಾವನವರು ಅಲ್ಲಿ ದೋಣಿ ನಡೆಸುತ್ತಿದ್ದರು. ಮೊದಲ ಸಲ ಅದರಲ್ಲಿ ಕೂತಾಗ ನಾನು ಕಣ್ಣು ಮುಚ್ಚಿ, ಪಕ್ಕದಲ್ಲಿದ್ದ ಯಾರದೋ ಆಡಿನ ಕೊರಳು ತಬ್ಬಿಕೊಂಡಿದ್ದೆ. ಆಡಿನ ಒಡೆಯ ಅದನ್ನು ಊರೆಲ್ಲ ಹೇಳಿಕೊಂಡು ಬಂದ.

ಮಳೆಗಾಲ ಹಿಡಿಯುವ ಮೊದಲು ಊರ ಹಿರಿಯರು ದೋಣಿಯನ್ನು ದಂಡೆಗೆ ಎಳೆಸಿ, ಮಗುಚಿ ಹಾಕಿ, ಸುತ್ತ ಕೂತು ಬೆಲೆ ಕಟ್ಟುತ್ತಿದ್ದರು. ಹೊಳೆ ಅದನ್ನು ಒಯ್ದರೆ ಊರು ಮಾವನವರಿಗೆ ಒಂದು ಹಗೇವಿನ ಜೋಳ, ಅಂದರೆ ನೆಲದೊಳಗಿನ ಒಂದು ಗುಂಡಿಯ ತುಂಬ ಕೂಡಿಟ್ಟ ಜೋಳ ಕೊಡಬೇಕು. ಹೋದ ಮೇಲೆ ಹಳೆಯದಿತ್ತು, ತೂತಿತ್ತು ಎಂದು ಚೌಕಾಸಿ ಮಾಡುವಂತಿಲ್ಲ. ದೋಣಿ ಹೊಸದಿದ್ದಾಗ ಕಟ್ಟಿದ ಬೆಲೆ ಅದು. ಇಳಿಸಿದರೆ ಮಾವನವರ ಮನಸ್ಸಿಗೆ ನೋವಾದೀತೆಂದು ಪ್ರತಿವರ್ಷ ಅದನ್ನೇ ಹೇಳುತ್ತಾ ಬಂದರು. ದೋಣಿಯೋ, ತೇಪೆಯ ಮೇಲೆ ತೇಪೆ. ಇದು ತೇಲುವುದಕ್ಕಿಂತ ಮುಳುಗಿದರೇ ಲಾಭ ಎಂದು ಅತ್ತೆ ಚೇಷ್ಟೆ ಮಾಡುವರು. ಮಾವನವರು ತಟ್ಟೆ ಸರಿಸಿ ಎದ್ದುಬಿಡುವರು.

ನಲವತ್ತೆಂಟರ ಮಳೆಗಾಲ. ಹೊಳೆಯಾಚೆ ಮುಂಬೈ ಸೀಮೆಗೆ ಬಂದಿದ್ದ ಸ್ವಾತಂತ್ರ್ಯ ಈಚೆಯ ನಮ್ಮ ನಿಜಾಮರ ಸೀಮೆಗೆ ಇನ್ನೂ ದಾಟಿರಲಿಲ್ಲ. ಗಲಾಟೆಗೆ ಹೆದರಿದ ಮಂದಿ ಆಚೆ ದಂಡೆ ಸೇರಲು ನಮ್ಮಲ್ಲಿಗೆ ಬರುತ್ತಿದ್ದರು. ಅಂಥ ಹೊತ್ತಿನಲ್ಲೇ ಹೊಳೆ ಉಕ್ಕಿ, ಹಗ್ಗ ಹರಿದು, ದೋಣಿ ಹೋಯಿತು. ಊರವರು ತಕರಾರಿಲ್ಲದೆ ಹಗೇವು ತೆಗೆದು ಜೋಳ ತಂದು ಸುರಿದರು. ದಾಟಲಾಗದೆ ನಮ್ಮ ಮನೆಯಲ್ಲೇ ಉಳಿದ ಮಂದಿಗೆ ನಾನೂ ಅತ್ತೆಯೂ ಅದೇ ಜೋಳದ ರೊಟ್ಟಿ ಬಡಿದೆವು. ಹಗೇವಿನ ಮುಗ್ಗು ವಾಸನೆ ಕೈ ಬಿಡುತ್ತಲೇ ಇರಲಿಲ್ಲ. ಮಾವನವರು ಮಾತ್ರ ಆ ರೊಟ್ಟಿ ಮುಟ್ಟದೆ ದಂಡೆಗೆ ಹೋಗಿ ಕೂರುವರು.

ಜೋಳ ತಳ ಕಾಣುವ ಹೊತ್ತಿಗೆ ಜೇವರ್ಗಿ ಕಡೆಯ ಕೊಳಕೂರದ ರೈತರು ದೋಣಿಯನ್ನು ಬಂಡಿಯ ಮೇಲೆ ಹೇರಿ ತಂದರು. ಜಾಲಿ ಮರಕ್ಕೆ ಸಿಕ್ಕಿಕೊಂಡಿತ್ತಂತೆ. ಊರೇ ನೆರೆಯಿತು. ಮಾವನವರು ಓಡಿ ಹೋಗಿ ಅದರ ಮೈ ಸವರಿದರು. ಮರುಕ್ಷಣ ಕೈ ಹಿಂದೆಗೆದು ಗೌಡರ ಕಡೆ ತಿರುಗಿದರು.

“ಬೆಲಿ ಮುಟ್ಟ್ಯದರಿ ನನಗ. ಇನ್ನ ದೋಣಿ ಊರಿಂದು.”

ಗೌಡರು ದೋಣಿಯನ್ನು ಒಂದು ಸುತ್ತು ಹಾಕಿ ನೋಡಿದರು. “ಹೌದ್ರಿ, ಊರಿಂದೇ. ಆದ್ರ ದೋಣಿಗಷ್ಟ ಬೆಲಿ ಕಟ್ಟೇವಿ, ನಿಮಗ ಕಟ್ಟಿಲ್ಲ. ಹುಟ್ಟು ಹಿಡೀರಿ.”

ಮಾವನವರು ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ. ನೆರೆ ಇಳಿದಿತ್ತು, ಕಾದಿದ್ದ ಮಂದಿಯನ್ನೆಲ್ಲ ಅಂದೇ ದಾಟಿಸಿದರು. ಮರಳಿ ಬಂದು, ಅದೇ ಜೋಳದ ರೊಟ್ಟಿಯನ್ನು ಕೇಳಿ ಹಾಕಿಸಿಕೊಂಡು ತಿಂದರು.

ಏಜೆಂಟರು ಇನ್ನೂ ಹೇಳುತ್ತಿದ್ದರು. ಗಾಡಿ ಕಳುವಾಗಿ ಪೂರ್ತಿ ಬೆಲೆ ಕೊಟ್ಟ ಮೇಲೆ ಅದು ಕಂಪನಿಯದಂತೆ.

“ಆಮ್ಯಾಲ ಗಾಡಿ ಸಿಕ್ಕರ, ನಡಸಾಕ ನನ್ನ ಮಗನ್ನ ಕರೀತೀರೇನ್ರಿ?” ಎಂದೆ.

ಪಾಪ, ಅವರು ಕಾಗದಗಳನ್ನೆಲ್ಲ ತಿರುವಿ ನೋಡಿ, ಹಾಗೇನೂ ಇಲ್ಲ ಎಂದರು. ಚಹಾ ಆರಿತ್ತು, ಬೇರೆ ಕಾಸಿ ಕೊಟ್ಟೆ. ದೋಣಿಯಿಂದ ಮಾವನವರು ಹಿಂದೆಗೆದ ಕೈಯೇ ಇಷ್ಟು ವರ್ಷ ನನ್ನ ಕಣ್ಣಿಗೆ ಕಟ್ಟಿತ್ತು. ಮೊನ್ನೆಯಿಂದ ಅದೇ ಕೈ ಹುಟ್ಟು ಹಿಡಿದದ್ದು ಕಾಣುತ್ತಿದೆ.