ಹಾಳೆಯಲ್ಲಿಲ್ಲದ ಸಾಲು

ಆಫೀಸಿನ ಬೀರು ಖಾಲಿ ಮಾಡಿಸುವಾಗ ಹಳೆಯ ಫೈಲಿನಿಂದ ಒಂದು ಹಾಳೆ ಜಾರಿ ಬಿತ್ತು. ಅಂಚಿನಲ್ಲಿ ಗ್ರೀಸಿನ ಹೆಬ್ಬೆರಳ ಗುರುತು. ಹನ್ನೆರಡು ವರ್ಷದ ಮೇಲೂ ಮಷಿನ್ ಎಣ್ಣೆಯ ವಾಸನೆ ಇತ್ತು… ಅಥವಾ ನನಗೆ ಹಾಗನ್ನಿಸಿತೋ. ಕೆಳಗೆ ಅಣ್ಣನ ಕನ್ನಡದ ಸಹಿ. ಮೇಲಿನ ಇಂಗ್ಲಿಷ್ ನನ್ನದು.

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಅವರು ಪ್ರೆಸ್ ಶಾಪಿನ ಸೂಪರ್‌ವೈಸರ್. ಎಲ್ಲರಿಗೂ ಅಣ್ಣ. ವಯಸ್ಸಿನಲ್ಲಿ ನಮ್ಮಪ್ಪನ ಸಮ ಇದ್ದರೂ ನನಗೂ ಅಣ್ಣನೇ. ನಾನು ರಜೆ, ಹಾಜರಿ, ಮೆಮೊ ನೋಡುವ ಸೆಕ್ಷನ್ನಿಗೆ ಹೊಸಬಳು. ನಮ್ಮ ವಂಶದಲ್ಲೇ ಡಿಗ್ರಿ ಮುಗಿಸಿದ ಮೊದಲಿಗಳು. ಬಿ.ಕಾಂ. ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿ ಬ್ಯಾಗಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದೆ. ಮೀಟಿಂಗಿನಲ್ಲಿ ನನ್ನ ಇಂಗ್ಲಿಷ್ ಕೇಳಿ ಆಫೀಸರುಗಳು ನಕ್ಕ ದಿನ ಅಣ್ಣ, “ನಗ್ಲಿ ಬಿಡವ್ವ. ಅವ್ರನ್ನ ಓದ್ಸವ್ರೆ, ನೀನು ಓದಿದ್ದೀಯ” ಅಂದಿದ್ದರು.

ಒಂದು ಸಲ ಗಿರಾಕಿಯಿಂದ ಮಾಲು ಪೂರ್ತಿ ವಾಪಸ್ ಬಂತು. ತಗಡು ಒತ್ತುವ ಅಚ್ಚು ಸವೆದಿತ್ತು. ಸವೆದಿದೆ ಎಂದು ಅಣ್ಣ ಮೊದಲೇ ಹೇಳಿದ್ದರು. ಪರವಾಗಿಲ್ಲ ಓಡಿಸು ಎಂದವರು ಪ್ಲಾಂಟ್ ಮ್ಯಾನೇಜರ್. ಮೆಮೊ ಬಂದದ್ದು ಮಾತ್ರ ಅಣ್ಣನಿಗೆ. ಟೈಪ್ ಮಾಡಿದವಳು ನಾನೇ. ಮ್ಯಾನೇಜರ್ ಕಡೆಯವನೊಬ್ಬ ಆ ಸೂಪರ್‌ವೈಸರ್ ಜಾಗಕ್ಕೆ ಕಾಯುತ್ತಿದ್ದದ್ದು ಕ್ಯಾಂಟೀನಿನವರಿಗೂ ಗೊತ್ತಿತ್ತು.

ಮ್ಯಾನೇಜರ್ ನನ್ನನ್ನು ಕರೆಸಿದರು. “ಉತ್ತರ ಬರೆಸೋಕೆ ಅವ್ನು ನಿನ್ ಹತ್ರಾನೇ ಬರ್ತಾನೆ. ಅದ್ರಲ್ಲಿ ನನ್ ಹೆಸ್ರು ಬರಬಾರ್ದು. ಮುಂದಿನ ತಿಂಗ್ಳು ನೀನು ಕನ್ಫರ್ಮ್ ಆಗ್ಬೇಕಲ್ವೇನಮ್ಮಾ?” ನಗುತ್ತಲೇ ಕೇಳಿದರು. ಕೆಲಸ ಕಾಯಂ ಆಗುವುದೋ ಬಿಡುವುದೋ ಅವರ ಒಂದು ಸಹಿಯಲ್ಲಿತ್ತು.

ಅಣ್ಣ ಊಟದ ಬಿಡುವಿನಲ್ಲಿ ಬಂದರು. “ಇಂಗ್ಲಿಷ್‌ಗೆ ಇಂಗ್ಲಿಷ್‌ನಾಗೇ ಉತ್ರ ಕೊಡ್ಬೇಕಂತೆ ಕಣವ್ವ. ಇದ್ದಿದ್ದು ಇದ್ದಂಗೆ ಹಾಕು.”

ಹಾಕಿದೆ. ಅಚ್ಚು ಸವೆದದ್ದು ಗೊತ್ತಿತ್ತು, ಆದರೂ ಮಷಿನ್ ಓಡಿಸಿದೆ, ನಷ್ಟಕ್ಕೆ ವಿಷಾದವಿದೆ… ಒಂದೂ ಸುಳ್ಳಲ್ಲ. ಮ್ಯಾನೇಜರ್ ಹೇಳಿದ್ದಕ್ಕೆ ಓಡಿಸಿದೆ ಎಂಬ ಒಂದು ಸಾಲನ್ನು ಮಾತ್ರ ಬಿಟ್ಟೆ.

“ಒಂದ್ಸಲ ಕನ್ನಡದಾಗೆ ಓದವ್ವ, ಕೇಳ್ತೀನಿ.”

ಓದಿದೆ. ಹಾಳೆಯಲ್ಲಿಲ್ಲದ ಆ ಸಾಲನ್ನೂ ಸೇರಿಸಿ ಓದಿದೆ. ದನಿ ನಡುಗಲೂ ಇಲ್ಲ. “ಸರ್ಯಾಗೈತೆ” ಎಂದು ಅವರು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು.

ವಿಚಾರಣೆಯ ದಿನ ನಡೆದದ್ದನ್ನೆಲ್ಲ ಬರೆದುಕೊಳ್ಳುವ ಕೆಲಸವೂ ನನ್ನದೇ. ಹೊರಗಿನಿಂದ ಬಂದ ಅಧಿಕಾರಿ ಪತ್ರವನ್ನು ಕನ್ನಡದಲ್ಲಿ ಹೇಳಿ ಮುಗಿಸಿದರು. ಅಣ್ಣ ಸ್ವಲ್ಪ ಕಾದರು.

“ಇನ್ನೊಂದು ಮಾತೈತಲ್ಲ ಸಾರ್? ಸಾಹೇಬ್ರು ಓಡ್ಸು ಅಂದಿದ್ದು?”

“ಸಿಕ್ಕಾಕ್ಕೊಂಡ್ಮೇಲೆ ಕಥೆ ಶುರು ನೋಡಿ” ಎಂದರು ಮ್ಯಾನೇಜರ್.

“ಇದ್ರಲ್ಲಿ ಅದಿಲ್ಲಪ್ಪ,” ಅಧಿಕಾರಿ ಹಾಳೆ ತಿರುಗಿಸಿ ನೋಡಿದರು. “ಯಾರು ಬರ್ಕೊಟ್ಟಿದ್ದು ಇದನ್ನ?”

ಅಣ್ಣ ನನ್ನ ಕಡೆ ತಿರುಗಿದರು. ಒಂದು ಗಳಿಗೆ, ಅಷ್ಟೇ. ಅಷ್ಟರಲ್ಲಿ ಅವರಿಗೆ ಎಲ್ಲ ತಿಳಿದುಹೋಗಿತ್ತು.

“ಬಸ್‌ಸ್ಟಾಂಡ್ ತಾವ ಟೈಪ್ ಮಾಡೋನು ಸಾರ್. ನಾನೇ ಹೇಳಕ್ಕೆ ಮರ್ತಿರ್ಬೇಕು.”

ಆ ಮಾತನ್ನೂ ದಾಖಲೆಯಲ್ಲಿ ಬರೆದುಕೊಂಡೆ, ನನ್ನ ಕೈಯಾರೆ.

ಅವರನ್ನು ಮತ್ತೆ ಮಷಿನ್ ಮುಂದೆ ನಿಲ್ಲಿಸಿದರು, ಮ್ಯಾನೇಜರ್ ಕಡೆಯವನ ಕೈಕೆಳಗೆ. ನಾನು ಕಾಯಂ ಆದೆ. ಗೇಟಿನಲ್ಲಿ ಎದುರಾದರೆ “ಊಟ ಆಯ್ತಾ ಮೇಡಂ?” ಎನ್ನುತ್ತಿದ್ದರು. ಅವ್ವ ಅನ್ನುವುದು ನಿಂತುಹೋಗಿತ್ತು… ಆರು ತಿಂಗಳಿಗೆ ಕೆಲಸ ಬಿಟ್ಟರು. ಎಲ್ಲಿಗೆ ಹೋದರು ಎಂದು ನಾನು ಯಾರನ್ನೂ ಕೇಳಲಿಲ್ಲ.

ಕಷ್ಟಪಟ್ಟು ಓದಿ ಬಂದವಳು ಎಂದು ಇವತ್ತಿಗೂ ಎಲ್ಲರೆದುರು ಹೇಳಿಕೊಳ್ಳುತ್ತೇನೆ. ಈ ಒಂದು ಪತ್ರದ ವಿಷಯ ಮಾತ್ರ ನನ್ನ ಗಂಡನ ಹತ್ತಿರವೂ ಬಾಯಿ ಬಿಟ್ಟಿಲ್ಲ.

ಈಗ ಆ ಸೆಕ್ಷನ್ನಿಗೆ ನಾನೇ ಮುಖ್ಯಸ್ಥೆ. ಹೋದ ವರ್ಷ ಪ್ರೆಸ್ ಶಾಪಿನ ಹಳಬರೊಬ್ಬರು ಬಾಗಿಲಲ್ಲಿ ನಿಂತು, “ಅಣ್ಣ ಹೋಗ್ಬಿಟ್ರು ಮೇಡಂ. ಲಗ್ಗೆರೆ ಮನೆ ಹತ್ರಾನೇ ಇಟ್ಟವ್ರೆ. ನಾವೆಲ್ಲ ಹೊರಟಿದ್ದೀವಿ, ಬರ್ತೀರಾ?” ಎಂದರು. ಹತ್ತು ನಿಮಿಷದ ದಾರಿ. ಆಡಿಟ್ ಇದೆ ಎಂದೆ. ಇರಲಿಲ್ಲ.

ಅವರ ಹೆಂಡತಿ ಈಗಲೂ ಅದೇ ಮನೆಯಲ್ಲಿದ್ದಾರಂತೆ. ನಾನಿನ್ನೂ ಹೋಗಿಲ್ಲ. ಹೋದರೆ ಆಕೆ ಕೂರಿಸಿ ಕಾಫಿ ಕೊಟ್ಟುಬಿಡುತ್ತಾರೆ ಎಂಬ ಭಯ. ಅಣ್ಣ ಮನೆಯಲ್ಲೂ ನನ್ನ ಹೆಸರು ಹೇಳಿರಲಾರರು.