ಐದನೇ ಹಲಗೆಯ ಎಂಬತ್ತೆಂಟು

ನೀಶ್ ಪಟ್ಟಣದ ತಾಂತ್ರಿಕ ಶಾಲೆಯಲ್ಲಿ ನಾನು ಇಪ್ಪತ್ತೆಂಟು ವರ್ಷ ಪಾಠ ಹೇಳಿದೆ. ಹಳೆಯ ವಿದ್ಯಾರ್ಥಿಗಳು ಬಸ್ಸಿನಲ್ಲಿ ಸಿಕ್ಕರೆ ನನ್ನ ಆರೋಗ್ಯ ವಿಚಾರಿಸುವುದಿಲ್ಲ, "ಚಿಕ ರಾದಿವೋಯ್ ಹೇಗಿದ್ದಾರೆ?" ಎನ್ನುತ್ತಾರೆ. ಚಿಕ ಅಂದರೆ ನಮ್ಮಲ್ಲಿ ಚಿಕ್ಕಪ್ಪ. ಅವನು ಮೇಷ್ಟರಲ್ಲ, ವಿದ್ಯುತ್ ಪ್ರಯೋಗಾಲಯದ ಮೇಸ್ತ್ರಿ. ನಮ್ಮ ಬೀದಿಯವನೇ, ನನ್ನ ಓರಗೆಯವನು. ಕೈ ಬಂಗಾರ, ಬಾಯಿ ಬೆಂಕಿ.

ಪ್ರಯೋಗಕ್ಕೆ ಬೇಕಾದ ಆರು ಹಲಗೆಗಳನ್ನು ಅವನೇ ಮಾಡಿದ್ದ. ಮೇಲೆ ಹಿತ್ತಾಳೆಯ ತಿರುಪುಗಳು, ಕೆಳಗೆ ನಾಲ್ಕು ಸ್ಕ್ರೂ ಬಿಗಿದ ತಗಡಿನ ಪೆಟ್ಟಿಗೆ. ವಿದ್ಯುತ್ತಿನ ಹರಿವನ್ನು ತಡೆಯುವ ರೆಸಿಸ್ಟರುಗಳೆಲ್ಲ ಅದರೊಳಗೆ. "ಒಳಗೇನಿದೆ ಅಂತ ಇಣುಕಿ ನೋಡೋದಲ್ಲ, ಅಳತೆ ಮಾಡಿ ಹೇಳ್ಬೇಕು" ಎಂಬುದು ಅವನ ವಾದ. ಆ ಪೆಟ್ಟಿಗೆ ಬಿಚ್ಚುವ ಹಕ್ಕು ನನಗೂ ಇರಲಿಲ್ಲ.

ಸೂಪರ್‌ಪೊಸಿಷನ್ ಪ್ರಮೇಯ ಮೂರನೇ ವರ್ಷದ ಮಕ್ಕಳಿಗೆ. ಒಂದು ಸರ್ಕ್ಯೂಟಿನಲ್ಲಿ ಎರಡು ಕಡೆಯಿಂದ ವಿದ್ಯುತ್ ಬರುತ್ತಿದೆ ಎನ್ನಿ. ಒಂದನ್ನು ತೆಗೆದು ಅದರ ಜಾಗದಲ್ಲಿ ಬರೀ ತಂತಿ ಕೂಡಿಸಿ, ಇನ್ನೊಂದು ಒಂದೇ ಎಷ್ಟು ಹರಿಸುತ್ತದೆ ನೋಡಬೇಕು. ಆಮೇಲೆ ಅದನ್ನು ತೆಗೆದು ಇದನ್ನು. ಎರಡನ್ನೂ ಕೂಡಿದರೆ, ಎರಡೂ ಒಟ್ಟಿಗೆ ಇದ್ದಾಗ ಹರಿಯುವಷ್ಟೇ ಬರಬೇಕು. ಮಕ್ಕಳಿಗೆ ಇದು ಬಲು ಇಷ್ಟದ ಪ್ರಯೋಗ, ಏಕೆಂದರೆ ಉತ್ತರ ಮೊದಲೇ ಗೊತ್ತು. ಮೀಟರಿನ ಮುಳ್ಳು ನೋಡದೆಯೂ ಬರೆಯಬಹುದು.

ಎಂಬತ್ತೇಳನೇ ಇಸವಿಯ ಮೇ ತಿಂಗಳ ಪರೀಕ್ಷೆ. ರುಜಿತ್ಸಾ ಎಂಬ ಹುಡುಗಿಗೆ ಐದನೇ ಹಲಗೆ ಬಂತು. ರೈಲ್ವೆ ಕೆಲಸಗಾರನ ಮಗಳು, ಮಾತು ಕಡಿಮೆ. ಇಂಜಿನಿಯರಿಂಗ್ ಸೀಟಿಗೆ ಈ ಪರೀಕ್ಷೆ ಪಾಸಾಗಲೇಬೇಕಿತ್ತು. ಅವಳ ಹಾಳೆಯಲ್ಲಿ ಒಂದು ಕಡೆಯದಕ್ಕೆ ಅರವತ್ತಾರು ಮಿಲಿಆಂಪಿಯರ್ ಇತ್ತು, ಇನ್ನೊಂದಕ್ಕೆ ನಲವತ್ಮೂರು ಇತ್ತು. ಒಟ್ಟಿಗೆ ಎಂಬಲ್ಲಿ ನೂರಾ ಒಂಬತ್ತು ಇರಬೇಕಾದ ಕಡೆ ಎಂಬತ್ತೆಂಟು ಇತ್ತು.

"ಇದೇನಮ್ಮ, ಕೂಡೋಕೂ ಬರಲ್ವಾ?" ಎಂದ ರಾದಿವೋಯ್.

"ಕೂಡೋಕೆ ಬರುತ್ತೆ ಚಿಕ. ಮುಳ್ಳು ಎಂಬತ್ತೆಂಟಕ್ಕೇ ನಿಲ್ತಿದೆ. ಮೂರು ಸಲ ನೋಡ್ದೆ."

"ಬೆಳಗ್ಗಿಂದ ಒಂಬತ್ತು ಮಂದಿ ಇದೇ ಹಲಗೇಲಿ ಸರಿಯಾಗಿ ತೆಗ್ದಿದಾರೆ. ನಿನ್ನ ಕಣ್ಣಿಗೆ ಮಾತ್ರ ಬೇರೆ ಮುಳ್ಳಾ? ಅಂದಾಜಲ್ಲಿ ಬರೆದು ಸುಳ್ಳು ಬೇರೆ ಹೇಳ್ತೀಯಾ?"

"ನಾನು ಸುಳ್ಳು ಹೇಳ್ತಿಲ್ಲ. ಪೆಟ್ಟಿಗೆ ಬಿಚ್ಚಿ ನೋಡಿ, ಒಳಗೇ ಏನೋ ಆಗಿದೆ."

ಅಷ್ಟು ಸಾಕಾಯಿತು. ಅವನ ಮುಖ ಕೆಂಪಗಾಯಿತು. "ನಾನು ಬಿಗಿದ ಸ್ಕ್ರೂನ ನೀನು ಬಿಚ್ಚಿಸ್ತೀಯಾ? ಹಾಲುಹಲ್ಲು ಬಿದ್ದು ಎಷ್ಟು ದಿನ ಆಯ್ತೇ ನಿಂಗೆ?"

ನಾನು ಕಿಟಕಿ ಪಕ್ಕದ ಮೇಜಿನಲ್ಲಿದ್ದೆ. ಅಂಕಪಟ್ಟಿ ಹಾರದಿರಲೆಂದು ಅದರ ಮೇಲೆ ಸ್ಕ್ರೂಡ್ರೈವರ್ ಇಟ್ಟಿದ್ದೆ. ಅದನ್ನು ಪಕ್ಕಕ್ಕೆ ಸರಿಸಿ, ಅವಳ ಹೆಸರಿನ ಮುಂದೆ 'ಒಂದು' ಎಂದು ಬರೆದೆ. ನಮ್ಮಲ್ಲಿ ಒಂದು ಅಂದರೆ ನಪಾಸು. ಅವಳು ಅಳಲಿಲ್ಲ. ತಂತಿಗಳನ್ನೆಲ್ಲ ಬಣ್ಣ ನೋಡಿ ಜೋಡಿಸಿಟ್ಟು ಹೊರಗೆ ಹೋದಳು. ಶರತ್ಕಾಲದ ಮರುಪರೀಕ್ಷೆಗೂ ಬರಲಿಲ್ಲ. ಅಂಗಿ ಹೊಲಿಯುವ ಕಾರ್ಖಾನೆ ಸೇರಿದಳೆಂದು ಆಮೇಲೆ ಕೇಳಿದೆ.

ಹನ್ನೊಂದು ವರ್ಷದ ಮೇಲೆ ಹೊಸ ಹಲಗೆಗಳು ಬಂದವು. ಹಳೆಯವನ್ನು ಬಿಚ್ಚಿ ಹಾಕುತ್ತಿದ್ದ ರಾದಿವೋಯ್ ನನ್ನನ್ನು ಕೂಗಿದ. ಐದನೆಯದರ ಪೆಟ್ಟಿಗೆಯೊಳಗೆ, ನಡುವಿನ ರೆಸಿಸ್ಟರ್ ಇರಬೇಕಾದ ಕಡೆ, ರೇಡಿಯೋದ ಪುಟ್ಟ ಬಲ್ಬು ಬೆಸೆದಿತ್ತು.

"ನಾನೇ ಹಾಕಿದ್ದು ದಾನಿತ್ಸಾ," ಎಂದ. "ಆ ಹುಡುಗಿ ಪರೀಕ್ಷೆಗೆ ಎರಡು ತಿಂಗಳ ಮುಂಚೆ ಯಾವನೋ ಇಲ್ಲಿದ್ದ ರೆಸಿಸ್ಟರ್ ಸುಟ್ಟಿದ್ದ. ಸ್ಟೋರಲ್ಲಿ ಇನ್ನೊಂದು ಇರ್ಲಿಲ್ಲ. ಬಲ್ಬ್ ಆದ್ರೆ ಸುಡಲ್ಲ, ಒಂದೆರಡು ದಿನಕ್ಕೆ ನಡೆಯುತ್ತೆ ಅಂತ ಹಾಕಿ, ಮರೆತೇಬಿಟ್ಟೆ."

ರಿಪೇರಿ ಬಲ್ಲವರೆಲ್ಲ ಮಾಡುವ ಕೆಲಸವೇ ಅದು. ಆದರೆ ಬಲ್ಬಿನ ತಂತಿ ಕಾದಷ್ಟೂ ಹಠ ಹಿಡಿದು ವಿದ್ಯುತ್ತನ್ನು ಹೆಚ್ಚು ತಡೆಯುತ್ತದೆ, ಕೂಡುವ ಲೆಕ್ಕಕ್ಕೆ ಬಗ್ಗುವುದಿಲ್ಲ. ಇದನ್ನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದು ಹೇಳಿಕೊಟ್ಟವಳು ನಾನೇ. ಇಬ್ಬರೂ ಮೀಟರ್ ಹಚ್ಚಿ ನೋಡಿದೆವು. ಅರವತ್ತಾರು. ನಲವತ್ಮೂರು. ಎಂಬತ್ತೆಂಟು. ಆ ಒಂಬತ್ತು ಮಂದಿಯೂ, ಆಮೇಲಿನ ಹನ್ನೊಂದು ವರ್ಷದವರೂ ಮುಳ್ಳನ್ನೇ ನೋಡಿರಲಿಲ್ಲ. ನೋಡಿದವಳೊಬ್ಬಳು, ಅವಳನ್ನೇ ಸುಳ್ಳಿ ಎಂದೆವು.

ಅಂದಿನಿಂದ ಅವನ ಬಾಯಿ ತಣ್ಣಗಾಯಿತು. ಬಲ್ಬನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ತಿರುಗುತ್ತಿದ್ದ.

"ಹೋಗಿ ತಪ್ಪಾಯ್ತು ಅಂದ್ಬಿಡು," ಎಂದೆ.

"ಹೋಗ್ತೀನಿ, ಅವಳ ಮನೆ ಸ್ಲಾವಕ್ಕೆ."

ಸ್ಲಾವ ಅಂದರೆ ಮನೆತನದ ಸಂತನ ಹಬ್ಬ. ಅದಕ್ಕೆ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಬೇಡ ಎನ್ನುವಂತೆಯೂ ಇಲ್ಲ. ತೊಡಕೆಂದರೆ ಅವಳ ಗಂಡನ ಮನೆಯವರದೂ ಡಿಸೆಂಬರಿನಲ್ಲಿ ಬರುವ ಸಂತ ನಿಕೋಲಾ, ರಾದಿವೋಯನದೂ ಅವನೇ. ಮನೆಗೆ ಜನ ಬರುವ ದಿನ ಯಜಮಾನ ಹೊಸಿಲು ದಾಟುವುದು ನಮ್ಮಲ್ಲಿ ಕೇಳರಿಯದ ಮಾತು.

"ವರ್ಷದಲ್ಲಿ ಬೇರೆ ದಿನವೇ ಇಲ್ವಾ?" ಎಂದು ಚುಚ್ಚಿದೆ.

"ಬೇರೆ ದಿನ ಹೋದ್ರೆ ಮುಖಕ್ಕೆ ಬಾಗಿಲು ಹಾಕಬಹುದು. ಅವತ್ತು ಹಾಕೋ ಹಾಗಿಲ್ಲ."

ಹಾಗೆಂದೇ ಮೂರು ಡಿಸೆಂಬರ್ ಕಳೆದ. ನಾಲ್ಕನೆಯದಕ್ಕೆ, ಮೇಜಿನ ತುಂಬ ನೆಂಟರು, ನಡುವೆ ನಾನೂ, ಮೀನು ತಿನ್ನುತ್ತ ಕೂತಿರುವಾಗಲೇ ಕೋಟು ತೊಟ್ಟು ಎದ್ದುಬಿಟ್ಟ. ಹೆಂಡತಿ ಮಿಲುಂಕಾ ಬಾಯಿಯ ಮೇಲೆ ಕೈಯಿಟ್ಟಳು. "ಹುಚ್ಚು ಹಿಡೀತೇನ್ರೀ? ಇವತ್ತು ಎಲ್ಲಿಗೆ?" ಅವನಾಗಲೇ ಹೊಸಿಲು ದಾಟಿದ್ದ. ನಾನು ಹಿಂದೆಯೇ ಹೋದೆ.

ರುಜಿತ್ಸಾ ಬಾಗಿಲು ತೆರೆದಳು. ಗುರುತು ಹಿಡಿದಳು, ಒಳಗೆ ಕರೆದಳು. ಪದ್ಧತಿಯಂತೆ ಬೇಯಿಸಿದ ಗೋಧಿಯ ಸಿಹಿ ತಂದಿಟ್ಟಳು. ರಾದಿವೋಯ್ ಶಿಲುಬೆಯ ಗುರುತು ಮಾಡಿ ಒಂದು ಚಮಚ ತಿಂದ. ಆಮೇಲೆ ಬೆಂಕಿಪೊಟ್ಟಣ ತೆರೆದು ಮೇಜಿನ ಮೇಲಿಟ್ಟ.

"ಐದನೇ ಹಲಗೇಲಿ ಇದಿತ್ತು ಮಗಳೇ. ನಾನೇ ಹಾಕಿ ಮರೆತಿದ್ದೆ. ನೀನು ಬರೆದಿದ್ದು ಸರಿ. ತಪ್ಪು ನಂದು."

ಅವಳು ಬಲ್ಬನ್ನು ಬೆಳಕಿಗೆ ಹಿಡಿದು ನೋಡಿದಳು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಕಲೆಗಳಿದ್ದವು.

"ಎಷ್ಟು ವರ್ಷ ನನಗೇ ಅನುಮಾನ ಚಿಕ, ನಾನೇ ತಪ್ಪು ನೋಡಿದ್ನೇನೋ ಅಂತ," ಎಂದಳು. "ಈಗಲೂ ಬಟ್ಟೆ ಕತ್ತರಿಸೋ ಮುಂಚೆ ಮೂರು ಸಲ ಅಳೀತೀನಿ. ಎಲ್ಲರೂ ನಗ್ತಾರೆ."

ರಾದಿವೋಯ್ ತಲೆ ಎತ್ತಲಿಲ್ಲ. ಅವಳು ಅವನ ಲೋಟಕ್ಕೆ ವೈನ್ ಸುರಿದಳು. ಅವನನ್ನು ಕ್ಷಮಿಸಿದಳೆಂದೇ ನನಗನ್ನಿಸಿತು. ನನ್ನ ಎದೆಯೂ ಹಗುರವಾಯಿತು, ನಾಚಿಕೆಯಿಲ್ಲದೆ. ಆಗ ಅವಳು ನನ್ನ ಕಡೆ ತಿರುಗಿದಳು.

"ಚಿಕನಿಗೆ ಮರೆತುಹೋಗಿತ್ತು, ಸರಿ. ಮೇಡಂ, ಸ್ಕ್ರೂಡ್ರೈವರ್ ನಿಮ್ಮ ಕೈಯಲ್ಲೇ ಇತ್ತಲ್ಲ?"

ಇತ್ತು ಎಂದೆ. ಅವಳು ಗೋಧಿಯ ಬಟ್ಟಲನ್ನು ನನ್ನ ಮುಂದೆ ಸರಿಸಿದಳು, ಬಂದವರಿಗೆಲ್ಲ ಸರಿಸುವ ಹಾಗೆ.