ಇಂಟರ್ವಲ್ ಆದ ಮೇಲೆ ಬರುವ ಪಾರ್ಟು

ಹದಿನೈದು ದಿನದ ಹಿಂದೆ, ಒಂದು ಸೋಮವಾರ, ನಮ್ಮ ಸ್ಟಾಫ್ ರೂಮಿನಲ್ಲಿ ಊಟದ ಹೊತ್ತಿಗೆ ಮೂರು ಜನ ಸೇರಿ ಒಂದು ಸಿನಿಮಾವನ್ನು ಬಾಯ್ತುಂಬ ಹೊಗಳಿದೆವು. ಮೂವರಲ್ಲಿ ಆ ಸಿನಿಮಾ ನೋಡಿದ್ದವಳು ನಾನೊಬ್ಬಳೇ. ಸುಳ್ಳು ಹೇಳಿದ್ದು ಮಾತ್ರ ಮೂವರೂ.

ನೋಡದವರು ಸುಳ್ಳು ಹೇಳಿದರು, ಸರಿ. ನೋಡಿದವಳಿಗೇನಾಗಿತ್ತು ಧಾಡಿ? ಅದನ್ನೇ ಹೇಳುತ್ತೇನೆ, ತುಸು ತಾಳಿ.

ನಾನು ಶಹಾಪುರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು ಎಂಬುದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ನಮ್ಮ ಸ್ಟಾಫ್ ರೂಮಿನಲ್ಲಿ ಸೋಮವಾರ ಎಂದರೆ ಸಿನಿಮಾ ವಾರ. ಭಾನುವಾರ ಯಾರು ಯಾವುದನ್ನು ನೋಡಿದರು (ಟಾಕೀಸಿನಲ್ಲೋ, ಮೊಬೈಲಿನಲ್ಲೋ, ಭಾವಮೈದುನನ ಓಟಿಟಿ ಪಾಸ್‌ವರ್ಡಿನಲ್ಲೋ), ಹೇಗಿತ್ತು, ದುಡ್ಡು ದಂಡವಾಯಿತೋ ಇಲ್ಲವೋ ಎಂಬ ವಿಚಾರಣೆ ಡಬ್ಬಿ ಬಿಚ್ಚುವ ಮೊದಲೇ ಶುರುವಾಗಿರುತ್ತದೆ.

ಪಿ.ಟಿ. ಮಾಸ್ತರ ಭೀಮರಾಯ ನಮ್ಮ ದೊಡ್ಡ ವಿಮರ್ಶಕ. ಅವರ ತೀರ್ಪು ಒಂದೇ: "ಫಸ್ಟ್ ಹಾಫ್ ಬೇಕಾರ್ ಅದರಿ, ಸೆಕೆಂಡ್ ಹಾಫ್ ಜಬರ್ದಸ್ತ್." ಎಲ್ಲ ಸಿನಿಮಾಕ್ಕೂ ಇದೇ. ವಿಜ್ಞಾನದ ರೇಷ್ಮಾ ಮೇಡಂ ಸಿನಿಮಾ ಅಳೆಯುವುದು ಕಣ್ಣೀರಿನಲ್ಲಿ. ಕರ್ಚೀಫು ಒದ್ದೆಯಾದರೆ ಒಳ್ಳೆಯ ಸಿನಿಮಾ, ಇಲ್ಲದಿದ್ದರೆ ಇಲ್ಲ. ಇನ್ನು ನಮ್ಮ ಮನೆಯವರು. ಟಾಕೀಸಿನ ಎ.ಸಿ.ಯಲ್ಲಿ ಅವರಷ್ಟು ಸೊಗಸಾಗಿ ನಿದ್ದೆ ಮಾಡುವವರನ್ನು ನಾನು ಕಂಡಿಲ್ಲ. ಅವರು "ನಿದ್ದಿ ಬರಲಿಲ್ಲ ನೋಡು" ಎಂದರೆ ಅದೇ ಆ ಸಿನಿಮಾಕ್ಕೆ ರಾಜ್ಯಪ್ರಶಸ್ತಿ.

ಒಂದು ಮಾತಂತೂ ನಿಜ, ನಾವು ಯಾರ ಮುಲಾಜಿಗೂ ಬಿದ್ದವರಲ್ಲ. ಕೋಟಿಗಟ್ಟಲೆ ಸುರಿದು ತೆಗೆದ ಸಿನಿಮಾವನ್ನು ಒಂದು ರೊಟ್ಟಿ ಮುಗಿಯುವುದರೊಳಗೆ ಮಣ್ಣುಪಾಲು ಮಾಡುತ್ತೇವೆ. ಹೀರೋಗೆ ಹೊಟ್ಟೆ ಬಂದಿದೆ, ಹೀರೋಯಿನ್‌ಗೆ ಅಳಲು ಬರುವುದಿಲ್ಲ, ಡೈರೆಕ್ಟರ್‌ಗೆ ತಲೆಯೇ ಇಲ್ಲ. ನಿರ್ದಾಕ್ಷಿಣ್ಯ ಎಂದರೆ ನಿರ್ದಾಕ್ಷಿಣ್ಯ. ಅವರ್ಯಾರೂ ಬಂದು ನಮ್ಮ ಎದುರಿಗೆ ಕೂತು ಪುಂಡಿಪಲ್ಯ ಹಂಚಿಕೊಳ್ಳುವುದಿಲ್ಲವಲ್ಲ, ಅದಕ್ಕೇ ಇಷ್ಟು ಧೈರ್ಯ ಎಂದು ಈಗ ಅನ್ನಿಸುತ್ತಿದೆ.

ನಮ್ಮ ಎದುರಿಗೆ ಕೂತು ಪಲ್ಯ ಹಂಚಿಕೊಳ್ಳುವವಳು ಶಿವಲೀಲಾ. ಹೊಲಿಗೆ ಟೀಚರು. ತವರು ಸುರಪುರ, ಗಂಡನ ಮನೆ ಸಗರ. ಹೋದ ವರ್ಷ ಸಿನಿಮಾದವರು ಶೂಟಿಂಗಿಗೆ ಸುರಪುರಕ್ಕೆ ಬಂದಾಗ ಆಕೆಯ ತವರುಮನೆಯ ಓಣಿಯೇ ಅವರ ಕಣ್ಣಿಗೆ ಬಿತ್ತು. ನಮ್ಮ ಕಡೆಯ ಕಥೆ, ನಮ್ಮ ಕಡೆಯ ಮಾತು, ದೊಡ್ಡ ಹೆಸರಿನವರು ಯಾರೂ ಇಲ್ಲ. ಊರು ಬಿಟ್ಟು ಹೊರಟ ಹುಡುಗನಿಗೆ ಬಾಗಿಲಲ್ಲಿ ನಿಂತು ರೊಟ್ಟಿ ಕೊಡುವ ಹೆಂಗಸೊಬ್ಬಳು ಬೇಕಿದ್ದಳು. ರಜೆಗೆಂದು ತವರಿಗೆ ಹೋಗಿದ್ದ ಶಿವಲೀಲಾ ಬಾಗಿಲಲ್ಲೇ ನಿಂತಿದ್ದಳು. "ನೀವೇ ಮಾಡ್ರಿ" ಎಂದರಂತೆ.

ಮಾಡಿದಳು. ಒಂದೇ ಡೈಲಾಗು. "ಕುಂದ್ರಪ್ಪ, ಒಂದ್ ರೊಟ್ಟಿ ತಿಂದು ಹೋಗು. ಹಸದ ಹೊಟ್ಟಿಗೆ ದಾರಿ ಉದ್ದ." ಇದನ್ನು ಒಂದು ವರ್ಷದಿಂದ ನಾವು ಎಷ್ಟು ಸಲ ಕೇಳಿದ್ದೇವೆಂದರೆ, ನಮ್ಮ ಎಂಟನೇ ತರಗತಿಯ ಹುಡುಗಿಯರಿಗೂ ಬಾಯಿಪಾಠ. (ಆ ದಿನ ಆಕೆಯ ಕೈಯಿಂದ ಒಂದು ಬುಟ್ಟಿ ರೊಟ್ಟಿ ಮಾಡಿಸಿದ್ದರಂತೆ. ಶೂಟಿಂಗ್ ಮುಗಿದ ಮೇಲೆ ಬುಟ್ಟಿ ಖಾಲಿ.) "ನಿಮ್ಮ ಪಾರ್ಟು ಇಂಟರ್ವಲ್ ಆದ ಮ್ಯಾಲ ಬರ್ತದ" ಎಂದೂ ಹೇಳಿ ಹೋಗಿದ್ದರು.

ತೊಂದರೆ ಇದ್ದದ್ದು ಸಗರದಲ್ಲಿ. ಅತ್ತೆಗೆ ಆಮೇಲೆ ಗೊತ್ತಾಯಿತು. "ಮನಿ ಸೊಸಿ ಪರದೆ ಮ್ಯಾಲ ಕುಣಿಯೋದಾ?" ಎಂದರು. "ಕುಣಿಯೋದಲ್ಲ ಅತ್ತಿ, ರೊಟ್ಟಿ ಕೊಡೋದು" ಎಂದಳು ಈಕೆ. ಯಾರು ಕೇಳುತ್ತಾರೆ? ಅಂದಿನಿಂದ ಅತ್ತೆಯದು ಬೇಕಾದಷ್ಟೇ ಮಾತು. ಸಿನಿಮಾ ಒಮ್ಮೆ ತೆರೆಗೆ ಬರಲಿ, ಅತ್ತೆಯನ್ನು ಕರೆದುಕೊಂಡು ಹೋಗಿ ತೋರಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಶಿವಲೀಲಾ ಕಾದೇ ಕಾದಳು.

ಕೊನೆಗೂ ಬಂತು. ಶಹಾಪುರದಲ್ಲಿ ದೊಡ್ಡ ಹೀರೋನ ಸಿನಿಮಾ ಓಡುತ್ತಿತ್ತು, ಇದಕ್ಕೆ ಜಾಗ ಸಿಗಲಿಲ್ಲ. ಯಾದಗಿರಿಯಲ್ಲಿ ದಿನಕ್ಕೊಂದೇ ಆಟ, ಮಧ್ಯಾಹ್ನದ್ದು. ಭಾನುವಾರ ನಾನು ಮನೆಯವರನ್ನು ಎಬ್ಬಿಸಿಕೊಂಡು ಬಸ್ಸು ಹತ್ತಿದೆ.

ಟಾಕೀಸಿನಲ್ಲಿ ಬೆರಳೆಣಿಕೆಯ ಮಂದಿ. ಸಿನಿಮಾ ಪರವಾಗಿಲ್ಲ, ನಮ್ಮ ಮಾತನ್ನು ನಗಿಸುವುದಕ್ಕೆಂದು ಆಡಿಸಿರಲಿಲ್ಲ, ಅದೇ ಒಂದು ಸಮಾಧಾನ. ಇಂಟರ್ವಲ್ ಆದ ಮೇಲೆ ನಾನು ಮಿರ್ಚಿ ತರಲಿಕ್ಕೂ ಏಳದೆ ಕಣ್ಣು ಕೀಲಿಸಿಕೊಂಡು ಕೂತೆ. ಸುರಪುರದ ಓಣಿ ಬಂತು. ತವರುಮನೆಯ ನೀಲಿ ಬಾಗಿಲು ಬಂತು. ಹುಡುಗ ಚಿಲಕ ಬಡಿಯಲು ಕೈ ಎತ್ತಿದ. ಮರುಗಳಿಗೆ ನೋಡಿದರೆ ಬಸ್ಸಿನ ಕಿಟಕಿ ಪಕ್ಕ ಕೂತು ರೊಟ್ಟಿ ತಿನ್ನುತ್ತಿದ್ದಾನೆ.

ರೊಟ್ಟಿ ಇದೆ. ಕೊಟ್ಟವಳಿಲ್ಲ.

ಫ್ಲ್ಯಾಶ್‌ಬ್ಯಾಕಿನಲ್ಲಿ ಬರಬಹುದು ಎಂದುಕೊಂಡೆ. ಬರಲಿಲ್ಲ. ಕೊನೆಗೆ ಹೆಸರುಗಳು ಇರುವೆ ಸಾಲಿನಂತೆ ಮೇಲಕ್ಕೆ ಹರಿದುಹೋದವು, ಒಂದೂ ಓದಲಾಗಲಿಲ್ಲ. ಬಸ್ಸು ಭೀಮಾ ಸೇತುವೆ ದಾಟುವಾಗ ಮನೆಯವರನ್ನು ಕೇಳಿದೆ, "ನಿಮಗ ಶಿವಲೀಲಾ ಕಂಡಳೇನ್ರಿ?"

"ಕಣ್ ಬಿಟ್ಕೊಂಡು ಕುಂತಾಕಿ ನೀನು. ನನ್ನ ಯಾಕ ಕೇಳ್ತಿ?" ಎಂದರು.

ಮಾರನೆಯ ದಿನ ಸೋಮವಾರ. ಶಿವಲೀಲಾ ಡಬ್ಬಿ ಬಿಚ್ಚುತ್ತಲೇ, ಯಾರ ಮುಖವನ್ನೂ ನೋಡದೆ, ಮೆಲ್ಲಗೆ ಕೇಳಿದಳು. "ಯಾರರ ನೋಡಿದ್ರೇನ್ರಿ?"

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಭೀಮರಾಯ ಮಾಸ್ತರು ಎದ್ದೇಬಿಟ್ಟರು. "ನೋಡೀನ್ರಿ ಮೇಡಂ. ಏನ್ ಮಾಡೀರಿ ರೀ ಪಾರ್ಟು. ಫಸ್ಟ್ ಹಾಫ್ ಬೇಕಾರ್, ನೀವು ಬಂದ ಮ್ಯಾಲ ಜಬರ್ದಸ್ತ್."

"ನನಗಂತೂ ರೊಟ್ಟಿ ಕೊಡೋ ಸೀನಿನ್ಯಾಗ ಕಣ್ಣಾಗ ನೀರ್ ಬಂದ್ವು ನೋಡು," ಎಂದರು ರೇಷ್ಮಾ.

ನನ್ನ ಸ್ಥಿತಿ ಊಹಿಸಿಕೊಳ್ಳಿ. ಒಂದು ಕ್ಷಣ ನನ್ನ ಮೇಲೆ ನನಗೇ ಅನುಮಾನ ಬಂತು. ಮಗ್ಗುಲಲ್ಲಿದ್ದವರ ನಿದ್ದೆ ನನಗೂ ಅಂಟಿತ್ತೇ? ನಾನು ತೂಕಡಿಸಿದ ಹೊತ್ತಿಗೇ ಆಕೆ ಬಂದುಹೋದಳೇ? ಶಿವಲೀಲಾ ನನ್ನತ್ತ ತಿರುಗಿದಳು. "ನೀವು ಅಕ್ಕಾರ?"

"ಹೂಂ, ಚೊಲೊ ಇತ್ತು," ಎಂದೆ.

ಆಕೆಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಅವತ್ತು ಆಕೆ ಊಟವನ್ನೇ ಮಾಡಲಿಲ್ಲ. ಎಲ್ಲರಿಗೂ ಹಂಚಿಬಿಟ್ಟಳು.

ಊಟ ಮುಗಿದ ಮೇಲೆ ವರಾಂಡದಲ್ಲಿ ಭೀಮರಾಯ ಮಾಸ್ತರನ್ನು ಹಿಡಿದು ನಿಲ್ಲಿಸಿದೆ. "ಸರ್ರ, ಖರೇನೇ ನೋಡಿದ್ರಿ?"

"ಎಲ್ಲಿ ನೋಡೀನ್ರಿ ಅಕ್ಕಾರ? ಮೊಬೈಲಿನ್ಯಾಗ ಟ್ರೇಲರ್ ನೋಡೀನಿ. ಪಾಪ, ಖುಷಿ ಆಗ್ಲಿ ಅಂತ ಅಂದೆ. ಅದಕ್ಕೇನ್ ರೊಕ್ಕ ಬೀಳ್ತದೇನು?"

ರೇಷ್ಮಾ ಅವರದೂ ಅದೇ ಕಥೆ. ಟ್ರೇಲರನ್ನೂ ನೋಡಿರಲಿಲ್ಲ. ನನ್ನ ಕಣ್ಣು ಸರಿಯಾಗಿಯೇ ಇತ್ತು. ಶಿವಲೀಲಾ ಸಿನಿಮಾದಲ್ಲಿ ಇರಲಿಲ್ಲ. ಅದನ್ನು ಇಬ್ಬರಿಗೂ ಹೇಳಿದೆ. "ನೀವರ ಹೇಳಬೇಕಿತ್ತಲ್ಲ ಅಕ್ಕಾರ" ಎಂದರು ಮಾಸ್ತರು. ಹೌದಲ್ಲ.

ಇವರಿಬ್ಬರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಇದು ನಮ್ಮ ಕಡೆಯ ಮಣ್ಣಿನಲ್ಲೇ ಇದೆ. ದೋರನಹಳ್ಳಿಯಲ್ಲೋ ವಡಗೇರಾದಲ್ಲೋ ನಾಟಕ ಆಡಿದರೆ ನೋಡಿ, ಪಾರ್ಟು ಮಾಡುವವರಿಗೆ ಬೀಗರು, ಗೆಳೆಯರು ಸ್ಟೇಜು ಹತ್ತಿ ಆಯೇರಿ ಮಾಡುತ್ತಾರೆ. ಟಾವೆಲ್ಲು, ಶರ್ಟ್ ಪೀಸು, ಹಾರ. ಮೈಕಿನಲ್ಲಿ "ಇವರ ಪಾತ್ರವನ್ನು ಮೆಚ್ಚಿ" ಎಂದು ಕೂಗುತ್ತಾರೆ. ಪಾತ್ರ ಇನ್ನೂ ಬಾಯಿಯನ್ನೇ ತೆರೆದಿರುವುದಿಲ್ಲ. ಎಷ್ಟೋ ಸಲ ರಾಜನ ಪಾರ್ಟಿನವನು ಹೆಗಲ ತುಂಬ ಟಾವೆಲ್ಲು ಹೊತ್ತುಕೊಂಡೇ ಮೊದಲ ಮಾತು ಆಡುವುದು. ಯಾರೂ ಇದನ್ನು ಸುಳ್ಳು ಎನ್ನುವುದಿಲ್ಲ. ನಮ್ಮವನು ನಿಂತಿದ್ದಾನೆ, ಮೆಚ್ಚಿದೆವು, ಮುಗಿಯಿತು. ನೋಡಿ ಮೆಚ್ಚುವುದು ಪರವೂರಿನವರ ಕೆಲಸ.

ನಾಟಕಕ್ಕೆ ಅದು ನಡೆಯುತ್ತದೆ, ಯಾಕೆಂದರೆ ಅಲ್ಲಿ ಮನುಷ್ಯ ಕಣ್ಣೆದುರಿಗೇ ನಿಂತಿರುತ್ತಾನೆ. ಸಿನಿಮಾದಲ್ಲಿ ಕತ್ತರಿ ಎಂಬುದೊಂದಿದೆ. ಹೊಲಿಗೆ ಟೀಚರಿಗೆ ನಾವು ಕತ್ತರಿಯ ವಿಷಯ ಹೇಳಬೇಕಿತ್ತು, ಯಾರೂ ಹೇಳಲಿಲ್ಲ.

ಮಂಗಳವಾರ ಶಿವಲೀಲಾ ಕುಣಿಯುತ್ತಲೇ ಬಂದಳು. "ಅಕ್ಕಾರ, ನಮ್ಮತ್ತಿ ಒಪ್ಯಾರ. ಸಾಲಿ ಮಂದಿ ಎಲ್ಲಾ ನಿನ್ನ ಹೊಗಳ್ಯಾರಂದ್ರ ನಾನೂ ನೋಡ್ತೀನಿ ಅಂದ್ರು. ಐತವಾರಕ್ಕ ಕ್ರೂಸರ್ ಗಾಡಿ ಹೇಳೀವಿ. ನಾದಿನಿ, ನೆಗೆಣ್ಣಿ, ಓಣಿ ಮಂದಿ, ಎಲ್ಲಾರೂ ಹೊಂಟೀವಿ."

ಒಂದು ವರ್ಷ ಮುಖ ತಿರುಗಿಸಿದ್ದ ಅತ್ತೆ, ನಮ್ಮ ಮಾತು ಕೇಳಿ ಕ್ರೂಸರ್ ಹತ್ತುತ್ತಿದ್ದಾರೆ. ನಮ್ಮ ಮಾತು ಕೇಳಿ.

ಅವತ್ತೇ ಹೇಳಬೇಕಿತ್ತು. "ನಿನ್ನ ಸೀನು ಎಡಿಟಿಂಗಿನ್ಯಾಗ ಹೋಗ್ಯಾದ ನೋಡವ್ವ, ನಾ ನಿನ್ನೆ ಸುಳ್ಳು ಹೇಳಿದೆ" ಎಂದಿದ್ದರೆ ಮುಗಿಯುತ್ತಿತ್ತು. ಅಳುತ್ತಿದ್ದಳು. ಅತ್ತರೆ ನನ್ನೆದುರು ಒಬ್ಬಳೇ ಅಳುತ್ತಿದ್ದಳು, ಬೀಗರು ನೆಂಟರ ನಡುವೆ ಅಲ್ಲ. ಹೇಳಲಿಲ್ಲ. ದೊಡ್ಡ ಹೀರೋನ ಮಾನ ತೆಗೆಯುವ ನಾಲಿಗೆ, ಪಕ್ಕದಲ್ಲಿ ಕೂತವಳಿಗೆ ಬೇಕಾದ ಒಂದು ನಿಜ ಹೇಳಲು ಹೊರಳಲಿಲ್ಲ.

ಗುರುವಾರ ಸುತ್ತುಬಳಸಿ ನೋಡಿದೆ. "ಮೊದಲ ನೀನೊಬ್ಬಾಕಿ ಹೋಗಿ ನೋಡ್ಕೊಂಡು ಬಾರವ್ವ. ಆಮ್ಯಾಲ ಅವರನ್ನ ಕರ್ಕೊಂಡು ಹೋಗೀಯಂತ."

ಆಕೆ ನಕ್ಕುಬಿಟ್ಟಳು. "ಒಬ್ಬಾಕಿನ ನೋಡಿದ್ರ ಏನ್ ಮಜಾ ರಿ ಅಕ್ಕಾರ? ನಮ್ಮತ್ತಿ ಮಾರಿ ನೋಡಬೇಕು ನಾ. ಸಿನಿಮಾ ಅಲ್ಲ."

ಇಷ್ಟು ಕೇಳಿದ ಮೇಲಾದರೂ ಹೇಳಬಹುದಿತ್ತು. ಶುಕ್ರವಾರವಿತ್ತು, ಶನಿವಾರವಿತ್ತು, ಕೈಯಲ್ಲಿ ಫೋನಿತ್ತು. ಸಿನಿಮಾ ತೆಗೆದುಬಿಟ್ಟರೆ ಸಾಕು ದೇವರೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಇಂಥ ಹೇಡಿ ಹರಕೆ ಯಾವ ದೇವರು ಕೇಳುತ್ತಾನೆ? ಸಿನಿಮಾ ಎರಡನೇ ವಾರವೂ ಓಡಿತು.

ಹೋದ ಸೋಮವಾರ. ಶಿವಲೀಲಾ ಎಂದಿನಂತೆ ಬಂದಳು. ಎಂದಿನಂತೆ ಕ್ಲಾಸು ತೆಗೆದುಕೊಂಡಳು. ಊಟದ ಹೊತ್ತಿಗೆ ಡಬ್ಬಿ ಬಿಚ್ಚಿ ಎಲ್ಲರ ಮುಂದೆಯೂ ಶೇಂಗಾ ಚಟ್ನಿ ಇಟ್ಟಳು. ಸ್ಟಾಫ್ ರೂಮಿನಲ್ಲಿ ಸಿನಿಮಾದ ಮಾತೇ ಇಲ್ಲ. ರೇಷ್ಮಾ ಕಿಟಕಿಯತ್ತ ನೋಡುತ್ತಿದ್ದರು. ಕೊನೆಗೆ ಭೀಮರಾಯ ಮಾಸ್ತರೇ ಬಾಯಿಬಿಟ್ಟರು.

"ಅತ್ತಿಯವರು ಏನಂದ್ರು ರಿ ಮೇಡಂ?"

ಶಿವಲೀಲಾ ರೊಟ್ಟಿ ಮುರಿಯುತ್ತ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಸಿನಿಮಾ ಮುಗದು ಲೈಟ್ ಹಾಕಿದ್ರು ರಿ. ನಾ ಎದ್ದೆ, ಹೋಗಮು ಬರ್ರಿ ಅಂದೆ. ನಮ್ಮತ್ತಿ ಏಳ್ಳೇ ಇಲ್ಲ. ನನ್ನ ಸೆರಗ ಹಿಡದು ಜಗ್ಗಿ ಕುಂದರಿಸಿದ್ರು. 'ಇನ್ನೂ ಬರೋದದ, ಕುಂದ್ರು. ಸಾಲಿ ಕಲಿಸೋ ಮಂದಿ ಸುಳ್ಳ್ಯಾಕ ಹೇಳ್ತಾರ?' ಅಂದ್ರು. ಕಸ ಹೊಡಿಯಾಕಿ ಬಂದು ಎಬ್ಬಿಸೋ ತನಕ ಕುಂತಿದ್ವಿ."

ಕ್ಷಮಿಸು ಎನ್ನಬೇಕಿತ್ತು, ನಾನು ಡಬ್ಬಿಯ ಮುಚ್ಚಳ ಹಾಕಿದೆ.

ಆಕೆ ನನ್ನ ಕಡೆ ತಿರುಗಿದಳು. "ಅಕ್ಕಾರ, ನಿಮಗೆಲ್ಲಾರಿಗೂ ಕಂಡೀನಿ, ನನಗೊಬ್ಬಾಕಿಗೇ ಕಾಣಲಿಲ್ಲ. ಹೇಳ್ರಿ, ನಾ ಹೆಂಗ ಕಾಣ್ತಿದ್ದೆ?"